ನೆಟ್‌ನಲ್ಲೊಂದು ‘ಸೈಟು’ ತಗೊಳ್ಳೋಣವೇ?

‘ಸೈಟು’ ಅನ್ನೋ ಪದ ಕೇಳಿದರೆ ಸಾಕು, ನಮ್ಮ ಕಡೆ ಯಾರ ಕಿವಿಯಾದರೂ ನೆಟ್ಟಗಾಗುತ್ತದೆ. ಮೂವತ್ತು-ನಲವತ್ತರದ್ದೋ, ಇಪ್ಪತ್ತು-ಮೂವತ್ತರದ್ದೋ, ಊರಾಚೆಯದ್ದಾದರೂ ಸರಿ, ನಮ್ಮದು ಅಂತ ಒಂದು ಸೈಟು ಇರಬೇಕು ಎಂಬುದು ಮಧ್ಯಮ ವರ್ಗದ ಮನೆಮನೆಯ ಕನಸು. ಈಗ ಅದೇ ಪದ ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತಿದೆ.

ಹಾಸನದ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಅವರಿಗೆ ಚೀಟಿ ಎತ್ತಿದ 80 ಸಾವಿರ ರೂಪಾಯಿ ಕೈಗೆ ಬಂದಿದೆ. ಮಗಳು ಮುಂದಿನ ವರ್ಷ ಪಿಯುಸಿಗೆ. ಆ ಖರ್ಚಿಗೆಂದೇ ಕಟ್ಟಿದ ಚೀಟಿ ಅದು. ಅಷ್ಟರಲ್ಲಿ ಮೈದುನ ಬಂದು, ‘ಅತ್ತಿಗೆ, ನೆಲದ ಮೇಲಿನ ಸೈಟು ನಮ್ಮ ಕೈಗೆ ಎಟುಕೋದಿಲ್ಲ. ನೆಟ್‌ನಲ್ಲಿ ಸೈಟು ತಗೊಳ್ಳಿ. ಬರೀ ಆರು ಅಂಕಿಯ ಹೆಸರು. ಇಪ್ಪತ್ತು ಹೆಸರು ಕೊಡಿಸ್ತೀನಿ. ಚೀನಾದವರು ಅಂಕಿಗೆ ಪ್ರಾಣ ಬಿಡ್ತಾರೆ, ಒಂದಕ್ಕೆ ಹತ್ತಾಗುತ್ತೆ’ ಅಂತ ಕೂತಿದ್ದಾನಂತೆ. ‘ಹುಡುಗ ಒಳ್ಳೆಯವನು, ಕಂಪ್ಯೂಟರ್ ಓದಿದ್ದಾನೆ. ಆದರೂ ಕೈ ಬರ್ತಾ ಇಲ್ಲ. ಬೇಡ ಅಂದರೆ ಮನಸ್ತಾಪ. ಏನು ಮಾಡಲಿ?’ ಎಂಬುದು ಆ ಸೋದರಿಯ ಪ್ರಶ್ನೆ.

ಪ್ರಶ್ನೆ ಒಬ್ಬರದ್ದಾದರೂ ಉತ್ತರ ಹಲವರಿಗೆ ಬೇಕಾಗಬಹುದು ಅಂತ ಇಡೀ ಪುಟವನ್ನೇ ಇದಕ್ಕೆ ಮೀಸಲಿಟ್ಟಿದ್ದೇವೆ. ಮೊದಲೇ ಹೇಳಿಬಿಡುತ್ತೇನೆ, ಆ ಹುಡುಗ ಹೇಳುತ್ತಿರುವುದೆಲ್ಲ ಸುಳ್ಳಲ್ಲ. ಪೂರ್ತಿ ಸುಳ್ಳಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು!

ಏನಿದು ಅಂಕಿ ವ್ಯಾಪಾರ?

ಇಂಟರ್‌ನೆಟ್ಟಿನಲ್ಲಿ ಪ್ರತಿ ಜಾಲತಾಣಕ್ಕೂ ಒಂದು ವಿಳಾಸ ಇರುತ್ತದೆ. ಅದೇ ಡೊಮೈನ್ ಹೆಸರು. ಸಾಮಾನ್ಯವಾಗಿ ಅದು ಅಕ್ಷರಗಳಲ್ಲಿರುತ್ತದೆ. ಬರೀ ಅಂಕಿಗಳಲ್ಲೂ ಇರಬಹುದು: 163 ಡಾಟ್ ಕಾಂ, 360 ಡಾಟ್ ಕಾಂ ಹೀಗೆ. ಇವು ಎಷ್ಟಿವೆ ಅಂತ ಲೆಕ್ಕ ಹಾಕಲು ಹೈಸ್ಕೂಲಿನ ಗಣಿತ ಸಾಕು. ಎರಡಂಕಿಯವು ನೂರೇ ನೂರು. ಮೂರಂಕಿಯವು ಸಾವಿರ. ನಾಲ್ಕಂಕಿಯವು ಹತ್ತು ಸಾವಿರ. ಐದಂಕಿಗೆ ಬಂದರೆ ಒಂದು ಲಕ್ಷ, ಆರಂಕಿಗೆ ಹತ್ತು ಲಕ್ಷ. ಒಂದೇ ಅಂಕಿಯದ್ದನ್ನು ಡಾಟ್ ಕಾಂನಲ್ಲಿ ಯಾರಿಗೂ ಕೊಡದೆ ಕಾದಿರಿಸಲಾಗಿದೆ.

ಹಾಗಾಗಿ ‘ಇದು ಜಾಸ್ತಿ ಇಲ್ಲ, ಇನ್ನು ಹುಟ್ಟೋದೂ ಇಲ್ಲ’ ಎಂಬ ಮಾತು ನಿಜ. ಮೂರಂಕಿಯ ಡಾಟ್ ಕಾಂ ಜಗತ್ತಿಗೆಲ್ಲ ಸೇರಿ ಸಾವಿರ ಮಾತ್ರ. ಎರಡು, ಮೂರು, ನಾಲ್ಕಂಕಿಯ ಡಾಟ್ ಕಾಂ ಹೆಸರುಗಳೆಲ್ಲ ಎಷ್ಟೋ ವರ್ಷಗಳ ಹಿಂದೆಯೇ ಯಾರ‍್ಯಾರದೋ ಪಾಲಾಗಿವೆ. ಬೇಕಾದರೆ ಅವರಿಂದಲೇ ಕೊಳ್ಳಬೇಕು, ಅವರು ಹೇಳಿದ ಬೆಲೆಗೆ. ನಮ್ಮ ಆರ್‌ಟಿಓ ಫ್ಯಾನ್ಸಿ ನಂಬರ್ ಹರಾಜು ನೋಡಿಲ್ಲವೇ? ಕಾರಿನ ಬೆಲೆ ಒಂದು ಕಡೆ, 0001 ನಂಬರಿನ ಬೆಲೆ ಇನ್ನೊಂದು ಕಡೆ. ಇದೂ ಹೆಚ್ಚುಕಡಿಮೆ ಅದೇ ಜಾತಿ.

ಆದರೆ ಕಡಿಮೆ ಇದ್ದ ಮಾತ್ರಕ್ಕೆ ಬೆಲೆ ಬರುತ್ತದೆಯೇ? ನಮ್ಮಜ್ಜಿಯ ಕೈಬರಹದ ಉಪ್ಪಿನಕಾಯಿ ಲೆಕ್ಕದ ಪುಸ್ತಕ ಜಗತ್ತಿಗೇ ಒಂದು. ಯಾರು ಕೊಳ್ಳುತ್ತಾರೆ ಹೇಳಿ! ಬೇಕು ಅನ್ನುವವರೂ ಇರಬೇಕಲ್ಲ. ಅಂಕಿ ಹೆಸರನ್ನು ಬೇಕು ಅನ್ನುವವರು ಯಾರು, ಯಾಕೆ ಅನ್ನುತ್ತಾರೆ ಎಂಬುದು ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ.

ಚೀನಾದವರ ಕಿವಿ

ಚೀನೀ ಭಾಷೆಯ ಲಿಪಿಯಲ್ಲಿ ಸಾವಿರಾರು ಚಿಹ್ನೆಗಳು. ಇಂಟರ್‌ನೆಟ್ ಬಂದದ್ದೇ ಇಂಗ್ಲಿಷ್ ಅಕ್ಷರಗಳ ವಿಳಾಸದೊಂದಿಗೆ. ಎಲ್ಲರೂ ಇಂಗ್ಲಿಷ್ ಅಕ್ಷರಗಳಿಗೆ ಒಗ್ಗಿಕೊಂಡಿರಲಿಲ್ಲ. ಒಂದೇ ಉಚ್ಚಾರಣೆಗೆ ಹಲವು ಅರ್ಥ ಬೇರೆ. ಅಂಕಿಗಳಾದರೆ ಆ ತಾಪತ್ರಯವಿಲ್ಲ, ಫೋನ್ ನಂಬರ್ ಒತ್ತಿದ ಹಾಗೆ ಒತ್ತಿಬಿಟ್ಟರಾಯಿತು. ಅಲ್ಲಿನ ದೊಡ್ಡ ಕಂಪನಿ ನೆಟ್‌ಈಸ್ ತನ್ನ ಇಮೇಲ್ ಸೇವೆಗೆ 163 ಡಾಟ್ ಕಾಂ ಎಂದೇ ಹೆಸರಿಟ್ಟಿತು. ತೊಂಬತ್ತರ ದಶಕದಲ್ಲಿ ಅಲ್ಲಿ ಟೆಲಿಫೋನಿನಿಂದ ಇಂಟರ್‌ನೆಟ್ ಸಂಪರ್ಕ ಪಡೆಯಲು ಒತ್ತುತ್ತಿದ್ದ ನಂಬರೇ 163. ಜನರ ಬೆರಳಿಗೆ ಆಗಲೇ ಅಭ್ಯಾಸವಾಗಿತ್ತು! ಚೀನಾ ರೈಲ್ವೆಯ ಟಿಕೆಟ್ ತಾಣಕ್ಕೆ ಈಗಲೂ 12306 ಎಂಬ ಅಂಕಿಯೇ ವಿಳಾಸ, ಅದೇ ಅವರ ಸಹಾಯವಾಣಿಯ ನಂಬರು ಕೂಡ.

ಇನ್ನೊಂದು ಸ್ವಾರಸ್ಯವಿದೆ. ಚೀನೀ ಭಾಷೆಯಲ್ಲಿ ಅಂಕಿಗಳನ್ನು ಜೋಡಿಸಿ ಹೇಳಿದರೆ ಮಾತಿನ ಹಾಗೆ ಕೇಳಿಸುತ್ತದೆ. ಐದು, ಎರಡು, ಸೊನ್ನೆಯನ್ನು ಬೇಗ ಹೇಳಿದರೆ ‘ನಾ ನಿನ್ನ ಪ್ರೀತಿಸುತ್ತೇನೆ’ ಎಂಬುದಕ್ಕೆ ಹತ್ತಿರದ ದನಿ. ಅದಕ್ಕೇ ಅಲ್ಲಿ ಮೇ 20 ಪ್ರೇಮಿಗಳ ದಿನ, ಮದುವೆ ನೋಂದಣಿ ಕಚೇರಿಗಳಲ್ಲಿ ಅವತ್ತು ನೂಕುನುಗ್ಗಲು. 1314 ಅಂದರೆ ‘ಜೀವನಪೂರ್ತಿ’. ಮೆಕ್‌ಡೊನಾಲ್ಡ್ಸ್ ಅಲ್ಲಿ ಮನೆಗೆ ತಿಂಡಿ ತರಿಸಿಕೊಳ್ಳುವ ಫೋನ್ ನಂಬರಿನಲ್ಲಿ 517 ಎಂದು ಎರಡು ಸಲ ಇಟ್ಟುಕೊಂಡಿತ್ತು. ಅದನ್ನು ಚೀನೀಯಲ್ಲಿ ಹೇಳಿದರೆ ‘ನನಗೆ ತಿನ್ನಬೇಕು’ ಅಂದ ಹಾಗೆ ಕೇಳಿಸುತ್ತದೆಯಂತೆ. ಎಷ್ಟು ಚೆಂದ ಅಲ್ಲವೇ? ನಮ್ಮಲ್ಲಿ ದರ್ಶಿನಿ ಹೋಟೆಲಿನವರಿಗೆ ಇಂಥ ಭಾಗ್ಯ ಇಲ್ಲ.

ಎಂಟಂತೂ ಅವರಿಗೆ ಲಕ್ಷ್ಮಿ. ಎಂಟನ್ನು ‘ಬಾ’ ಅನ್ನುತ್ತಾರೆ, ಅದು ಏಳಿಗೆ ಎಂಬರ್ಥದ ‘ಫಾ’ ಎನ್ನುವುದಕ್ಕೆ ಹತ್ತಿರ. ಬೀಜಿಂಗ್ ಒಲಿಂಪಿಕ್ಸ್ ಶುರುವಾದದ್ದು ಯಾವಾಗ, ನೆನಪಿದೆಯೇ? 2008ರ ಆಗಸ್ಟ್ 8, ರಾತ್ರಿ 8 ಗಂಟೆಗೆ. 2003ರಲ್ಲಿ ಸಿಚುವಾನ್ ಏರ್‌ಲೈನ್ಸ್ ಎಂಬ ವಿಮಾನ ಕಂಪನಿ ಎಂಟು ಎಂಟುಗಳಿರುವ ಫೋನ್ ನಂಬರನ್ನು ಹರಾಜಿನಲ್ಲಿ 23 ಲಕ್ಷ ಯುವಾನ್‌ಗೂ ಹೆಚ್ಚು ಕೊಟ್ಟು ಹಿಡಿಯಿತು. ಅದೇ ನಾಲ್ಕು ಅಂದರೆ ಅಪಶಕುನ. ನಾಲ್ಕು ಎನ್ನುವ ಪದವೂ ಸಾವು ಎನ್ನುವ ಪದವೂ ಹೆಚ್ಚುಕಡಿಮೆ ಒಂದೇ ಥರ, ದನಿಯ ಏರಿಳಿತ ಮಾತ್ರ ಬೇರೆ. ಎಷ್ಟೋ ಕಟ್ಟಡಗಳಲ್ಲಿ ನಾಲ್ಕನೇ ಮಹಡಿಯೇ ಇರುವುದಿಲ್ಲ, ಮೂರರ ಮೇಲೆ ಐದು!

ಡೊಮೈನ್ ವ್ಯಾಪಾರದಲ್ಲೂ ಇದೇ ನಡೆಯುವುದು. ನಾಲ್ಕು ಇದ್ದರೆ ಬೆಲೆ ಇಳಿಯಿತು, ಸೊನ್ನೆ ಇದ್ದರೂ ಸ್ವಲ್ಪ ಕಡಿಮೆ. ಎಂಟಿದ್ದರೆ, ಅಂಕಿ ಮತ್ತೆ ಮತ್ತೆ ಬಂದರೆ, ಹೇಳಲು ಲಯವಿದ್ದರೆ ಏರಿತು. ಆರಂಕಿಯ ಹತ್ತು ಲಕ್ಷ ಹೆಸರುಗಳಲ್ಲಿ ಸೊನ್ನೆಯೂ ನಾಲ್ಕೂ ಇಲ್ಲದವು 2,62,144 ಮಾತ್ರ. ಉಳಿದ ಏಳು ಲಕ್ಷಕ್ಕೂ ಹೆಚ್ಚು ಹೆಸರುಗಳು ಆ ಮಾರುಕಟ್ಟೆಯಲ್ಲಿ ಎರಡನೇ ದರ್ಜೆಯವು. ಆ ಸೋದರಿ ತಮ್ಮ ಮೈದುನ ತೋರಿಸಿದ ಪಟ್ಟಿಯಲ್ಲಿ ಎಷ್ಟು ನಾಲ್ಕುಗಳಿವೆ ಅಂತ ಒಮ್ಮೆ ಎಣಿಸಿ ನೋಡಲಿ.

ನಮ್ಮ ಕಿವಿಯೇ ಬೇರೆ

ನಮಗೂ ಅಂಕಿಗಳ ಹುಚ್ಚು ಕಡಿಮೆಯೇನಿಲ್ಲ. ಮುಯ್ಯಿ ಕೊಡುವಾಗ ನೂರು ಕೊಡುವುದಿಲ್ಲ, ನೂರೊಂದು ಕೊಡುತ್ತೇವೆ. ತೆಲುಗಿನವರು ನೂರಹದಿನಾರು ಅನ್ನುತ್ತಾರೆ. ಅಷ್ಟೋತ್ತರಕ್ಕೆ 108. ಮುಸ್ಲಿಂ ನೆರೆಯವರ ಮನೆಯಲ್ಲಿ 786. ಗಾಡಿಯ ನಂಬರ್ ಕೂಡಿಸಿ ಒಂಬತ್ತು ಬರಲಿ ಅಂತ ಕಾಯುವವರು ನಮ್ಮ ಬೀದಿಯಲ್ಲೇ ಮೂವರಿದ್ದಾರೆ. 420 ಅಂದರೆ ಮೋಸ ಅಂತ ಮಕ್ಕಳಿಗೂ ಗೊತ್ತು. ಆ ಕಲಂ ಇದ್ದ ಹಳೆಯ ದಂಡ ಸಂಹಿತೆ 2024ರ ಜುಲೈ 1ರಂದು ಹೋಗಿ ಹೊಸ ಕಾನೂನಿನಲ್ಲಿ ಅದು 318 ಆಗಿದ್ದರೂ ‘ಅವನು ಪಕ್ಕಾ ಮುನ್ನೂರ ಹದಿನೆಂಟು’ ಅಂತ ಯಾರೂ ಬೈಯುವುದಿಲ್ಲ.

ಆದರೆ ನಾವು ಜಾಲತಾಣದ ವಿಳಾಸವಾಗಿ ಬರೀ ಅಂಕಿ ಒತ್ತುವವರಲ್ಲ. ನಮ್ಮ ಅಂಗಡಿಗಳು, ಶಾಲೆಗಳು, ಸೀರೆ ಮಾರುವವರು ಎಲ್ಲರೂ ಅಕ್ಷರದ ಹೆಸರನ್ನೇ ಕೇಳುತ್ತಾರೆ. ಅಂದರೆ ಹಾಸನದಲ್ಲಿ ಕೂತು ಆರಂಕಿಯ ಹೆಸರು ಕೊಂಡವರಿಗೆ ಹಾಸನದಲ್ಲಾಗಲಿ ಬೆಂಗಳೂರಿನಲ್ಲಾಗಲಿ ಗಿರಾಕಿ ಸಿಗುವುದು ಕಷ್ಟ. ಗಿರಾಕಿ ಇರುವುದು ಚೀನಾದಲ್ಲಿ. ಆ ಅಂಕಿ ಅವರ ಕಿವಿಗೆ ಹಿತವೋ ಅಹಿತವೋ ನಮಗೆ ಕೇಳಿಸುವುದಿಲ್ಲ. ಅವರ ಮಾರುಕಟ್ಟೆಯ ಮಾತು ನಮಗೆ ಓದಲು ಬರುವುದಿಲ್ಲ. ಭಾಷೆ ಬಾರದ ಊರಿನ ಸಂತೆಗೆ ಹೋಗಿ ದನ ಮಾರಿದ ಹಾಗಾಯಿತು.

ಏರಿದ್ದು ಹೇಗೆ, ಇಳಿದದ್ದು ಹೇಗೆ

ಈ ವ್ಯಾಪಾರದ ಮಾತೆತ್ತಿದರೆ ಎಲ್ಲರೂ ಒಂದು ಕತೆ ಹೇಳುತ್ತಾರೆ. 2015ರಲ್ಲಿ ಚೀನಾದ ಕಿಹೂ ಎಂಬ ಕಂಪನಿ 360 ಡಾಟ್ ಕಾಂ ಹೆಸರನ್ನು ವೊಡಾಫೋನ್‌ನಿಂದ ಒಂದು ಕೋಟಿ 70 ಲಕ್ಷ ಡಾಲರಿಗೆ ಕೊಂಡಿತು. ಆಗಿನ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಮೇಲೆ. ನಿಜವಾದ ಕತೆಯೇ. ಆದರೆ ಕೊಂಡವರು ಯಾರು ನೋಡಿ. ‘360’ ಎಂಬುದು ಆ ಕಂಪನಿಯ ಸ್ವಂತ ಬ್ರಾಂಡು. ತನ್ನ ಹೆಸರಿಗಾಗಿ ತಾನೇ ದುಡ್ಡು ಕೊಟ್ಟಿತು, ಬಳಸಲು ಕೊಂಡಿತು. ಮಾರಿ ಲಾಭ ಮಾಡಲು ಅಲ್ಲ. ಮಾರಿದ್ದೂ ಒಂದು ದೊಡ್ಡ ಕಂಪನಿಯೇ. ಈ ಕತೆಯಲ್ಲಿ ನಮ್ಮಂಥವರು ಎಲ್ಲೂ ಇಲ್ಲ.

ನಮ್ಮಂಥವರ ಕತೆ ಅದೇ ವರ್ಷದ ಕೊನೆಗೆ ಶುರುವಾಯಿತು. 2015ರ ಮಧ್ಯದಲ್ಲಿ ಚೀನಾದ ಷೇರು ಮಾರುಕಟ್ಟೆ ಕುಸಿಯಿತು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಅಲ್ಲಿನ ಹೂಡಿಕೆದಾರರು ಚಿಕ್ಕ ಡೊಮೈನ್ ಹೆಸರುಗಳ ಮೇಲೆ ಮುಗಿಬಿದ್ದರು. ಮೂರಂಕಿ, ನಾಲ್ಕಂಕಿ ದುಬಾರಿಯಾದಾಗ ಐದಂಕಿ, ಅದೂ ಏರಿದಾಗ ಆರಂಕಿ. ವಾರದಿಂದ ವಾರಕ್ಕೆ ಬೆಲೆ ಏರಿತು. ಡಾಟ್ ಕಾಂ ಪಟ್ಟಿ ನೋಡಿಕೊಳ್ಳುವ ಅಮೆರಿಕದ ವೆರಿಸೈನ್ ಕಂಪನಿಯೇ ಚೀನಾದಿಂದ ಬಂದ ನೋಂದಣಿ ಹಠಾತ್ತನೆ ಹೆಚ್ಚಿದ್ದನ್ನು ಹೇಳಿಕೊಂಡಿತು. ಪಶ್ಚಿಮದ ದೇಶಗಳ ಸಣ್ಣ ಹೂಡಿಕೆದಾರರೂ ‘ಚೀನಾದವರಿಗೆ ಮಾರೋಣ’ ಅಂತ ಕೈಗೆ ಸಿಕ್ಕ ಅಂಕಿಗಳನ್ನೆಲ್ಲ ಬಾಚಿಕೊಂಡರು. 2016 ಬರುತ್ತಿದ್ದಂತೆ ಆ ಕಾವು ಇಳಿಯಿತು. ಮೂರಂಕಿಯ ಹೆಸರಿದ್ದವರು ಕೂತು ಕಾಯಬಹುದಿತ್ತು. ಕೊನೆಗೆ ಬಂದು ಆರಂಕಿ ಹಿಡಿದವರಿಗೆ ರಿನ್ಯೂವಲ್ ದುಡ್ಡು ಕಟ್ಟುವುದೂ ಹೊರೆಯಾಯಿತು. ಎಷ್ಟೋ ಜನ ಹಾಗೇ ಬಿಟ್ಟುಬಿಟ್ಟರು.

ಇಂಥದ್ದೇ ಇನ್ನೊಂದು ಅಲೆ 2022ರಲ್ಲಿ ಎದ್ದಿತು. ಈ ಸಲ ಕ್ರಿಪ್ಟೊ ಲೋಕದ ‘ಡಾಟ್ ಎಥ್’ ಹೆಸರುಗಳು. ಮೂರಂಕಿಯವರದ್ದೊಂದು ಕ್ಲಬ್, ನಾಲ್ಕಂಕಿಯವರದ್ದೊಂದು ಕ್ಲಬ್. ಆ ವರ್ಷದ ಜುಲೈನಲ್ಲಿ 000 ಎಂಬ ಹೆಸರು 300 ಈಥರ್‌ಗೆ ಹೋಯಿತು, ಅಂದರೆ ಮೂರು ಲಕ್ಷ ಡಾಲರಿಗೂ ಮೇಲೆ. ಮೂರು ಸೊನ್ನೆಗೆ ಅಷ್ಟು! ಈ ಹೆಸರುಗಳು ನಾವು ದಿನವೂ ಬಳಸುವ ಬ್ರೌಸರಿನಲ್ಲಿ ನೇರವಾಗಿ ತೆರೆಯುವುದೂ ಇಲ್ಲ. ಮೈದುನ ಇವುಗಳ ಹೆಸರೆತ್ತಿದರೆ ಅಲ್ಲಿಗೇ ಮಾತು ನಿಲ್ಲಿಸಿ ಎಂಬುದು ನನ್ನ ಸಲಹೆ.

80 ಸಾವಿರದ ಲೆಕ್ಕ

ಈಗ ಅಡುಗೆಮನೆ ಲೆಕ್ಕಕ್ಕೆ ಬರೋಣ. ನೆಲದ ಸೈಟು ಒಮ್ಮೆ ಕೊಂಡರೆ ಮುಗಿಯಿತು, ಕಂದಾಯ ಅಷ್ಟಿಷ್ಟು. ಚಿನ್ನ ಬೀರುವಿನಲ್ಲಿಟ್ಟರೆ ಅದಕ್ಕೆ ವರ್ಷವರ್ಷ ದುಡ್ಡು ಕಟ್ಟಬೇಕಿಲ್ಲ. ಡೊಮೈನ್ ಹೆಸರು ಹಾಗಲ್ಲ. ‘ಕೊಂಡೆ’ ಅನ್ನುತ್ತೇವೆ ಅಷ್ಟೇ, ನಿಜಕ್ಕೂ ಅದು ವರ್ಷದ ಲೆಕ್ಕದಲ್ಲಿ ಬಾಡಿಗೆ. ಒಮ್ಮೆಗೆ ಹೆಚ್ಚೆಂದರೆ ಹತ್ತು ವರ್ಷಕ್ಕೆ ಕಟ್ಟಬಹುದು. ಕಟ್ಟುವುದು ನಿಂತರೆ ಹೆಸರು ಕೈಬಿಟ್ಟು ಹೋಗುತ್ತದೆ.

ಡಾಟ್ ಕಾಂ ಹೆಸರಿಗೆ ವೆರಿಸೈನ್ ತೆಗೆದುಕೊಳ್ಳುವ ಸಗಟು ದರ 2012ರಲ್ಲಿ 7.85 ಡಾಲರ್ ಇತ್ತು, 2024ರ ಸೆಪ್ಟೆಂಬರ್‌ನಲ್ಲಿ 10.26 ಡಾಲರ್ ಆಯಿತು. ಅದರ ಮೇಲೆ ಮಾರಾಟಗಾರ ಕಂಪನಿಯ ಲಾಭ, ಜಿಎಸ್‌ಟಿ ಸೇರಿ ನಮ್ಮ ಕೈಯಿಂದ ಹೋಗುವುದು ಹೆಸರೊಂದಕ್ಕೆ ವರ್ಷಕ್ಕೆ ಸುಮಾರು ಸಾವಿರದಿಂದ ಒಂದೂವರೆ ಸಾವಿರ. 1,200 ಅಂತ ಇಟ್ಟುಕೊಳ್ಳಿ. ಇಪ್ಪತ್ತು ಹೆಸರಿಗೆ ವರ್ಷಕ್ಕೆ 24 ಸಾವಿರ. ಮೂರು ವರ್ಷ ಕಾದರೆ 72 ಸಾವಿರ. ಅಸಲು 80 ಸಾವಿರ ಸೇರಿಸಿದರೆ 1,52,000. ಮಾರಿಕೊಡುವ ತಾಣಗಳು ಕಮಿಷನ್ ಹಿಡಿಯುತ್ತವೆ. ಅದು ಶೇ 15 ಅಂದುಕೊಂಡರೆ ಹತ್ತಿರ ಹತ್ತಿರ 1,79,000ಕ್ಕೆ ಮಾರಿದರೆ ಮಾತ್ರ ಹಾಕಿದ ದುಡ್ಡು ವಾಪಸ್. ಲಾಭದ ಮಾತು ಆಮೇಲೆ. ಅದೂ ಇಪ್ಪತ್ತಕ್ಕೆ ಇಪ್ಪತ್ತೂ ಮಾರಿಹೋದರೆ!

‘ಮೊದಲ ವರ್ಷ 99 ರೂಪಾಯಿ’ ಎಂಬ ಜಾಹೀರಾತು ಕಂಡು ಹಿಗ್ಗಬೇಡಿ. ಎರಡನೇ ವರ್ಷದ ದರ ಎಷ್ಟು ಅಂತ ಮೊದಲು ನೋಡಿ. ಡಾಟ್ ಕಾಂ ಅಲ್ಲದ ಬೇರೆ ಕೊನೆಗಳ ಅಂಕಿ ಹೆಸರುಗಳೂ ಅಗ್ಗಕ್ಕೆ ಸಿಗುತ್ತವೆ. 2017ರಲ್ಲಿ ಡಾಟ್ ಎಕ್ಸ್‌ವೈಜೆಡ್‌ನವರು ಆರರಿಂದ ಒಂಬತ್ತಂಕಿಯ ಹೆಸರುಗಳನ್ನು ಒಂದು ಡಾಲರಿಗಿಂತ ಕಡಿಮೆ ವಾರ್ಷಿಕ ದರಕ್ಕೆ ಬಿಟ್ಟರು. ಅಂಥವು 111 ಕೋಟಿಗೂ ಹೆಚ್ಚು. ಅಷ್ಟು ಸುಲಭವಾಗಿ, ಅಷ್ಟು ಹೇರಳವಾಗಿ ಸಿಗುವುದನ್ನು ನಿಮ್ಮಿಂದ ದುಬಾರಿ ಬೆಲೆಗೆ ಯಾಕೆ ಕೊಳ್ಳುತ್ತಾರೆ?

ಇನ್ನೊಂದು ಮಾತು. ಮಗಳ ಫೀಸಿಗೆ ಜೂನ್‌ನಲ್ಲಿ ದುಡ್ಡು ಬೇಕು. ಚಿನ್ನವಾದರೆ ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಅಡವಿಟ್ಟು ಮಧ್ಯಾಹ್ನದ ಹೊತ್ತಿಗೆ ದುಡ್ಡು ತರಬಹುದು. ಆರಂಕಿಯ ಹೆಸರನ್ನು ಹಿಡಿದು ಮ್ಯಾನೇಜರ್ ಮುಂದೆ ಕೂತರೆ ಅವರು ಕಾಫಿ ಕೊಟ್ಟು ಕಳಿಸಿಯಾರು. ಡೊಮೈನ್ ಮಾರಾಟಕ್ಕೆ ತಿಂಗಳುಗಳೂ ಆಗಬಹುದು, ವರ್ಷಗಳೂ ಆಗಬಹುದು. ಜೂನ್ ಯಾರಿಗೂ ಕಾಯುವುದಿಲ್ಲ.

ದುಡ್ಡು ನಿಮ್ಮದು, ಹೆಸರು ಯಾರದು?

ಇಷ್ಟೆಲ್ಲ ಬರೆದರೂ ಆ ಸೋದರಿಯ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಒಂದೇ ಸಾಲು. ‘ಎಲ್ಲ ಅವನೇ ನೋಡ್ಕೋತಾನಂತೆ, ನಾನು ದುಡ್ಡು ಕೊಟ್ಟರೆ ಸಾಕಂತೆ.’

ನೆಲದ ಸೈಟಾದರೆ ನೀವು ಹೀಗೆ ಕೊಡುತ್ತೀರಾ? ಖಾತೆ ಯಾರ ಹೆಸರಿಗೆ ಅಂತ ಕೇಳುವುದಿಲ್ಲವೇ? ಇಸಿ ತೆಗೆಸಿ ನೋಡುವುದಿಲ್ಲವೇ? ಡೊಮೈನ್‌ಗೂ ಖಾತೆ ಇದೆ. ಹೆಸರು ನೋಂದಾಯಿಸುವ ಕಂಪನಿಯನ್ನು ರಿಜಿಸ್ಟ್ರಾರ್ ಅನ್ನುತ್ತಾರೆ. ಅಲ್ಲಿ ತೆರೆದ ಅಕೌಂಟ್ ಯಾರದು, ಅದಕ್ಕೆ ಕೊಟ್ಟ ಇಮೇಲ್ ಯಾರದು, ಓಟಿಪಿ ಯಾರ ಫೋನಿಗೆ ಬರುತ್ತದೆ, ನೋಂದಣಿದಾರರು ಎಂಬ ಜಾಗದಲ್ಲಿ ಯಾರ ಹೆಸರಿದೆ, ಇವಿಷ್ಟೇ ಇಲ್ಲಿ ಮಾಲೀಕತ್ವ. ದುಡ್ಡು ಕೊಟ್ಟವರು ಯಾರು ಎಂಬುದು ಆ ದಾಖಲೆಯಲ್ಲಿ ಎಲ್ಲೂ ಇರುವುದಿಲ್ಲ. ಮೈದುನನ ಅಕೌಂಟಿನಲ್ಲಿ ಇಪ್ಪತ್ತು ಹೆಸರಿದ್ದರೆ ಅವು ಮೈದುನನವು. ಅವನಿಗೆ ನಾಳೆ ಮದುವೆಯಾಗುತ್ತದೆ, ಊರು ಬದಲಾಗುತ್ತದೆ, ಫೋನ್ ಕಳೆಯುತ್ತದೆ. ಅವನು ಕೆಟ್ಟವನಾಗಬೇಕಿಲ್ಲ, ಮರೆತರೂ ಸಾಕು.

ಹೊರಗಿನಿಂದ ಪರೀಕ್ಷಿಸುವ ದಾರಿಯೂ ಈಗ ಕಿರಿದಾಗಿದೆ. ಮೊದಲೆಲ್ಲ ಯಾವ ಹೆಸರು ಯಾರದು ಎಂದು ಯಾರು ಬೇಕಾದರೂ ನೋಡಬಹುದಿತ್ತು. 2018ರಲ್ಲಿ ಯೂರೋಪಿನ ಖಾಸಗಿತನದ ಕಾನೂನು ಬಂದಮೇಲೆ ಆ ಪಟ್ಟಿಯಲ್ಲಿ ಹೆಸರು, ವಿಳಾಸ ಬಹುತೇಕ ಮುಚ್ಚಿರುತ್ತದೆ. ಅಕೌಂಟ್ ಒಳಗೆ ಹೋಗಿಯೇ ನೋಡಬೇಕು. ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಬೇಕು.

ಈ ಮಾತು ಗಂಡನ ಹೂಡಿಕೆಗೂ ಅನ್ವಯಿಸುತ್ತದೆ, ಮುನಿಸಿಕೊಳ್ಳಬೇಡಿ. ಯಜಮಾನರು ಹೆಸರುಗಳನ್ನು ಕೊಂಡಿಟ್ಟಿದ್ದಾರೆ, ಯಾವ ಕಂಪನಿಯಲ್ಲಿ ಅಂತ ಹೆಂಡತಿಗೆ ಗೊತ್ತಿಲ್ಲ. ಏನಾದರೂ ಹೆಚ್ಚುಕಮ್ಮಿಯಾದರೆ ರಿನ್ಯೂವಲ್ ಸೂಚನೆಗಳು ಯಾರೂ ತೆರೆಯದ ಇಮೇಲಿಗೆ ಬಂದು ಬೀಳುತ್ತವೆ. ಎಲ್‌ಐಸಿ ಬಾಂಡು ಬೀರುವಿನಲ್ಲಿ ಸಿಗುತ್ತದೆ. ಇದು ಸಿಗುವುದಿಲ್ಲ.

ಆದರೂ ಆಸೆ ಇದ್ದರೆ...

ಆಸೆ ಪಡುವುದು ತಪ್ಪೇನಲ್ಲ. ಕಳೆದುಹೋದರೂ ಮನೆ ನಡೆಯುತ್ತದೆ ಅನ್ನುವಷ್ಟು ದುಡ್ಡಿದ್ದರೆ, ಇಪ್ಪತ್ತರ ಬದಲು ಒಂದೇ ಒಂದು ಹೆಸರು ಕೊಂಡು ನೋಡಿ. ನಿಮ್ಮದೇ ಅಕೌಂಟಿನಲ್ಲಿ. ಕೊಳ್ಳುವ ಮುಂಚೆ ನೇಮ್‌ಬಯೋ ಎಂಬ ತಾಣದಲ್ಲಿ ಅಂಥದ್ದೇ ಅಂಕಿಗಳು ಹಿಂದೆ ಎಷ್ಟಕ್ಕೆ ಮಾರಿಹೋಗಿವೆ ಅಂತ ನೋಡಬಹುದು. ಮಾರುವವರು ಕೇಳುವ ಬೆಲೆಯನ್ನು ನಂಬಬೇಡಿ, ನಿಜಕ್ಕೂ ಕೈಬದಲಾದ ಬೆಲೆಯನ್ನು ನೋಡಿ. ಸೀರೆ ಅಂಗಡಿಯಲ್ಲಿ ನಾವು ಮಾಡುವುದೂ ಅದನ್ನೇ ಅಲ್ಲವೇ?

ಹೆಸರಿನ ಪೂರ್ವಾಪರ ವಿಚಾರಿಸಿ. ಅಂಕಿ ಹೆಸರುಗಳನ್ನು ಜೂಜಿನ ತಾಣಗಳು ಬಹಳ ಬಳಸಿಕೊಂಡಿವೆ. ಅಂಥ ಹೆಸರಿಗೆ ಕಪ್ಪುಚುಕ್ಕೆ ಅಂಟಿರುತ್ತದೆ, ಚೀನಾದ ಒಳಗೆ ತೆರೆಯದಂತೆ ತಡೆದಿರಲೂಬಹುದು. ಆಗ ಅಲ್ಲಿನ ಗಿರಾಕಿಗೆ ಅದು ಬೇಡ. ಇಂಟರ್‌ನೆಟ್ ಆರ್ಕೈವ್ ಎಂಬ ತಾಣದ ‘ವೇಬ್ಯಾಕ್ ಮಷೀನ್’ನಲ್ಲಿ ಆ ವಿಳಾಸದಲ್ಲಿ ಹಿಂದೆ ಏನಿತ್ತು ಅಂತ ಬಿಟ್ಟಿಯಾಗಿ ನೋಡಬಹುದು. ನಮ್ಮ ಇಸಿ ಇದ್ದ ಹಾಗೆ. ಕದ್ದ ಹೆಸರುಗಳೂ ಅಗ್ಗದ ಬೆಲೆಗೆ ಓಡಾಡುತ್ತವೆ, ಎಚ್ಚರ.

ಇನ್ನು ಬ್ರಾಂಡು. ಅಂಕಿಯೂ ಯಾರದ್ದಾದರೂ ಟ್ರೇಡ್‌ಮಾರ್ಕ್ ಆಗಿರಬಹುದು. ಬಟ್ಟೆ ಒಗೆಯುವ 501 ಬಾರ್ ಸೋಪು ಗೊತ್ತಲ್ಲ, 501 ಜೀನ್ಸ್ ಕೂಡ ಇದೆ. ಅಂಥದ್ದನ್ನು ಹಿಡಿದುಕೊಂಡು ಆ ಕಂಪನಿಗೇ ಮಾರುತ್ತೇನೆ ಅಂತ ಹೊರಟರೆ ದೂರು ಬರುತ್ತದೆ, ಹೆಸರೂ ಹೋಗುತ್ತದೆ. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಉಂಟು ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ನಡುವಿನ ಆ ಮೊಕದ್ದಮೆ ಶುರುವಾದದ್ದು ನಮ್ಮ ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲೇ.

ಹೆಸರು ನಿಮ್ಮದಾದ ಮೇಲೆ ಇಮೇಲ್‌ಗಳು ಬರುತ್ತವೆ. ‘ನಿಮ್ಮ ಹೆಸರು ಐದು ಸಾವಿರ ಡಾಲರಿಗೆ ಕೊಳ್ಳುತ್ತೇನೆ, ಆದರೆ ಇಂಥ ಕಡೆಯಿಂದ ಬೆಲೆ ಪ್ರಮಾಣಪತ್ರ ತನ್ನಿ’ ಎಂಬುದು ಒಂದು ಬಗೆ. ಪ್ರಮಾಣಪತ್ರಕ್ಕೆ ನೀವು ದುಡ್ಡು ಕಟ್ಟಿದ ಮೇಲೆ ಗಿರಾಕಿ ಮಾಯ. ‘ಚೀನಾದ ನೋಂದಣಿ ಕೇಂದ್ರದಿಂದ ಬರೆಯುತ್ತಿದ್ದೇವೆ, ನಿಮ್ಮ ಹೆಸರನ್ನೇ ಇನ್ನೊಬ್ಬರು ಡಾಟ್ ಸಿಎನ್‌ನಲ್ಲಿ ಕೇಳುತ್ತಿದ್ದಾರೆ, ಬೇಗ ದುಡ್ಡು ಕಟ್ಟಿ ಉಳಿಸಿಕೊಳ್ಳಿ’ ಎಂಬುದು ಇನ್ನೊಂದು. ಎರಡೂ ಹಳೆಯ ಮೋಸಗಳು. ಉತ್ತರ ಬರೆಯಲೂ ಹೋಗಬೇಡಿ. ನಿಜವಾದ ಗಿರಾಕಿ ಬಂದರೆ ಎಸ್ಕ್ರೋ ಸೇವೆಯ ಮೂಲಕ ಮಾರಿ. ಮೂರನೆಯವರು ದುಡ್ಡು ಹಿಡಿದಿಟ್ಟುಕೊಂಡು, ಹೆಸರು ಕೈಬದಲಾದ ಮೇಲೆ ನಿಮಗೆ ಕೊಡುತ್ತಾರೆ. ದುಡ್ಡು ಅಲ್ಲಿಗೆ ತಲುಪುವ ಮುಂಚೆ ವರ್ಗಾವಣೆಯ ಕೋಡ್ ಕೊಡಬೇಡಿ. ಲಾಭ ಬಂದರೆ ಆದಾಯ ತೆರಿಗೆಯಲ್ಲಿ ತೋರಿಸಬೇಕು. ಬಂಡವಾಳ ಲಾಭವೋ ವ್ಯಾಪಾರದ ಆದಾಯವೋ ಎಂಬುದು ನೀವು ಎಷ್ಟು ಕೊಂಡು ಎಷ್ಟು ಮಾರುತ್ತೀರಿ ಎಂಬುದರ ಮೇಲಿದೆ, ಆಡಿಟರ್ ಹತ್ತಿರ ಕೇಳಿಕೊಳ್ಳಿ.

ಹಾಸನದ ಸೋದರಿಗೆ: ಫೀಸಿನ ದುಡ್ಡನ್ನು ಇವತ್ತೇ ನಿಮ್ಮ ಹೆಸರಿನಲ್ಲಿ ಒಂದು ವರ್ಷದ ಠೇವಣಿ ಇಡಿ. ಮೈದುನನಿಗೆ ‘ಬೇಡ’ ಅನ್ನುವ ಬದಲು, ‘ನಿನ್ನ ಹತ್ತಿರ ಆಗಲೇ ಹೆಸರುಗಳಿವೆಯಲ್ಲಪ್ಪ, ಅದರಲ್ಲಿ ಒಂದನ್ನು ಮಾರಿ ತೋರಿಸು, ಆಮೇಲೆ ಮಾತಾಡೋಣ’ ಅನ್ನಿ. ಮನಸ್ತಾಪವೂ ಇಲ್ಲ, ಅವನಿಗೂ ಒಂದು ಪರೀಕ್ಷೆ.

ಈಗಾಗಲೇ ಹತ್ತು ಇಪ್ಪತ್ತು ಹೆಸರು ಕೊಂಡು ಕೂತವರೂ ಇದ್ದೀರಿ ಅಂತ ಬಲ್ಲೆ. ಪಟ್ಟಿ ಹರಡಿಕೊಂಡು ಕೂತು, ನಾಲ್ಕು ಮತ್ತು ಸೊನ್ನೆ ಇಲ್ಲದ, ಅಂಕಿ ಮರುಕಳಿಸುವ ಎರಡೋ ಮೂರೋ ಹೆಸರು ಉಳಿಸಿಕೊಂಡು ಮಿಕ್ಕವನ್ನು ಅವಧಿ ಮುಗಿದಾಗ ಬಿಟ್ಟುಬಿಡಿ. ಉಳಿಸಿಕೊಂಡವುಗಳ ರಿನ್ಯೂವಲ್ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ. ದಿನ ದಾಟಿದರೂ ಕೆಲವು ದಿನ ಮಾಮೂಲಿ ದರಕ್ಕೇ ಉಳಿಸಿಕೊಳ್ಳಲು ಸಾಮಾನ್ಯವಾಗಿ ಅವಕಾಶವಿರುತ್ತದೆ, ಎಷ್ಟು ದಿನ ಎಂಬುದು ಕಂಪನಿಗೊಂದು ಥರ. ಅದೂ ದಾಟಿದರೆ 30 ದಿನಗಳ ಇನ್ನೊಂದು ಅವಧಿ, ಆಗ ಹೆಸರು ಬಿಡಿಸಿಕೊಳ್ಳಲು ಸಾವಿರಾರು ರೂಪಾಯಿ ದಂಡ. ಆಮೇಲೆ ಐದು ದಿನ. ಅಲ್ಲಿಗೆ ಅದು ಯಾರು ಬೇಕಾದರೂ ಕೊಳ್ಳಬಹುದಾದ ಹೆಸರು.